ಮನೆ ಬಿಡಿ ಎನ್ನುವವರು ಸಾಮಾನು ಎಲ್ಲಿಡಬೇಕೆಂದೂ ಹೇಳಲಿ

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಗುಡ್ಡದೂರುಗಳ ಕೆಲವು ಮನೆಗಳಿಗೆ ಒಂದು ಕಾಗದ ಬರುತ್ತದೆ. ತಮ್ಮ ವಾಸದ ಮನೆಯು ಕುಸಿಯಬಹುದಾದ ಇಳಿಜಾರಿನಲ್ಲಿದೆ, ಮಳೆಗಾಲ ಮುಗಿಯುವವರೆಗೆ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು, ತಪ್ಪಿದಲ್ಲಿ ಆಗುವ ಅನಾಹುತಕ್ಕೆ ತಾವೇ ಹೊಣೆ ಎಂಬ ಅರ್ಥದ ನಾಲ್ಕು ಸಾಲು. ಮನೆಯ ಯಜಮಾನನ ಹೆಸರಿರುತ್ತದೆ, ಸರ್ವೆ ನಂಬರು ಇರುತ್ತದೆ, ಸಹಿ ಮತ್ತು ಮೊಹರು ಇರುತ್ತವೆ. ಮನೆಯೊಳಗಿನ ಸಾಮಾನನ್ನು ಎಲ್ಲಿಡಬೇಕು ಎಂಬ ಮಾತು ಮಾತ್ರ ಎಲ್ಲಿಯೂ ಇರುವುದಿಲ್ಲ.

ಇದು ಸಣ್ಣ ಮಾತೆಂದು ತೋರಬಹುದು. ಜೀವ ಉಳಿದರೆ ಸಾಲದೇ, ಪಾತ್ರೆ ಪಗಡಗಳ ಚಿಂತೆ ಏಕೆ ಎಂದು ನಮ್ಮನ್ನು ಕೇಳಿದ ಅಧಿಕಾರಿಗಳಿದ್ದಾರೆ. ಅವರಿಗೆ ಉತ್ತರವಾಗಿ ನಮ್ಮ ಮನೆಯ ಕಥೆಯನ್ನೇ ಹೇಳಬೇಕಾಗಿದೆ.

2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆ ಹಗಲು ರಾತ್ರಿಯೆನ್ನದೆ ಸುರಿಯುತ್ತಿದ್ದಾಗ, ನಮ್ಮ ಮನೆಯ ಹಿಂದಿನ ಧರೆಯಲ್ಲಿ ಬಿರುಕು ಕಾಣಿಸಿತು. ಸಂಜೆಯೊಳಗೆ ಮನೆ ಬಿಟ್ಟೆವು. ಉಟ್ಟ ಬಟ್ಟೆ, ಮಕ್ಕಳ ಪುಸ್ತಕ, ಅಮ್ಮನ ಔಷಧಿ, ಎರಡು ದನಗಳನ್ನು ಹೊಡೆದುಕೊಂಡು ಶಾಲೆಯ ಕೋಣೆಗೆ ಬಂದೆವು. ಒಂಬತ್ತು ದಿನ ಅಲ್ಲಿದ್ದೆವು. ಊಟಕ್ಕೆ ಕೊರತೆಯಾಗಲಿಲ್ಲ, ಯಾರೋ ಎಲ್ಲಿಂದಲೋ ಕಂಬಳಿ ತಂದುಕೊಟ್ಟರು. ಹತ್ತನೆಯ ದಿನ ಹಿಂದಿರುಗಿದಾಗ ಧರೆ ಜಾರಿರಲಿಲ್ಲ, ಮನೆ ನಿಂತಿತ್ತು. ಆದರೆ ಹಿಂಬಾಗಿಲ ಅಗಳಿ ಮುರಿದಿತ್ತು. ಬಚ್ಚಲಿನ ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಳಗ, ದೇವರ ಮುಂದಿನ ದೀಪದ ಕಂಬ, ಗ್ಯಾಸಿನ ಸಿಲಿಂಡರು ಇರಲಿಲ್ಲ. ಅಟ್ಟದ ಮೇಲಿದ್ದ ಟ್ರಂಕನ್ನು ಕೆಳಗೆ ಕೆಡವಿದ್ದರು. ಒಡೆದ ಹೆಂಚಿನ ನೀರು ಅದರ ಮೇಲೆಯೇ ಬಿದ್ದು, ಅಜ್ಜನ ಕಾಲದ ಕಂದಾಯದ ರಸೀದಿಗಳು ಅಂಬಲಿಯಂತಾಗಿದ್ದವು.

ಠಾಣೆಗೆ ಹೋದರೆ ಕಳೆದ ಸಾಮಾನಿನ ಪಟ್ಟಿಯ ಜೊತೆ ಬಿಲ್ಲು ಕೇಳಿದರು. ಅಜ್ಜಿಯ ತವರಿನಿಂದ ಬಂದ ಹಂಡೆಗೆ ಬಿಲ್ಲನ್ನು ಎಲ್ಲಿಂದ ತರುವುದು? ತಹಶೀಲ್ದಾರರ ಕಚೇರಿಯಲ್ಲಿ, ಮನೆ ಬಿದ್ದಿಲ್ಲ, ನೀರು ನುಗ್ಗಿಲ್ಲ, ಆದ್ದರಿಂದ ಪರಿಹಾರದ ಪಟ್ಟಿಯಲ್ಲಿ ಬರುವುದಿಲ್ಲ ಎಂದರು. ಅವರ ಮಾತು ನಿಯಮದ ಪ್ರಕಾರ ಸರಿಯೇ ಆಗಿತ್ತು. ಮರುವರ್ಷ ಮತ್ತೆ ಕಾಗದ ಬಂದಾಗ ನೆರೆಮನೆಯ ಹಿರಿಯರು ಹೆಂಡತಿ ಮಕ್ಕಳನ್ನು ಕಳಿಸಿ ತಾವೊಬ್ಬರೇ ಮನೆಯಲ್ಲಿ ಉಳಿದರು. ಬಿರುಕು ಬಿಟ್ಟ ಧರೆಯ ಕೆಳಗೆ, ಕೈಯಲ್ಲೊಂದು ಟಾರ್ಚು ಹಿಡಿದು, ಹಂಡೆ ಕೊಡಪಾನಗಳ ಕಾವಲಿಗೆ. ಪತ್ರಿಕೆಗಳಲ್ಲಿ ಇಂಥವರನ್ನು ಹಠಮಾರಿಗಳೆಂದು ಬರೆಯುತ್ತಾರೆ. ಜನರಿಗೆ ತಿಳಿವಳಿಕೆ ಇಲ್ಲ, ಎಚ್ಚರಿಕೆ ಕೊಟ್ಟರೂ ಕದಲುವುದಿಲ್ಲ ಎಂದು ಸಭೆಗಳಲ್ಲಿ ಹೇಳುತ್ತಾರೆ. ಕದಲಬೇಕಾದರೆ ಬೆನ್ನ ಹಿಂದೆ ಬಿಟ್ಟದ್ದು ಉಳಿಯುತ್ತದೆಂಬ ನಂಬಿಕೆ ಬೇಕು. ಆ ನಂಬಿಕೆಯನ್ನು ಕೊಡುವ ಒಂದೇ ಒಂದು ವ್ಯವಸ್ಥೆ ನಮ್ಮ ತಾಲ್ಲೂಕುಗಳಲ್ಲಿ ಇಲ್ಲ.

ಸಾಮಾನು ಇಡಲು ಜಾಗವೇ ಇಲ್ಲದ ದೇಶವೇ ನಮ್ಮದು? ಬೆಂಗಳೂರಿಗೆ ಹೋಗಿ ನೋಡಬೇಕು. ಊರ ಹೊರವಲಯದಲ್ಲಿ ತಗಡಿನ ದೊಡ್ಡ ದೊಡ್ಡ ಗೋದಾಮುಗಳಲ್ಲಿ ಕೋಣೆ ಕೋಣೆಗಳಾಗಿ ವಿಂಗಡಿಸಿ, ಮನೆಯ ಸಾಮಾನುಗಳನ್ನು ತಿಂಗಳ ಬಾಡಿಗೆಗೆ ಇರಿಸಿಕೊಳ್ಳುವ ವ್ಯಾಪಾರ ಬೆಳೆದಿದೆ. ಸೆಲ್ಫ್ ಸ್ಟೋರೇಜ್ ಎಂದು ಅದರ ಹೆಸರು. 2020ರ ಲಾಕ್‌ಡೌನಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಮರಳಿದ ಸಾಫ್ಟ್‌ವೇರ್ ನೌಕರರಲ್ಲಿ ಹಲವರು ಸೋಫಾ, ಫ್ರಿಜ್ಜು, ಮಂಚಗಳನ್ನು ಇಂಥಲ್ಲಿಯೇ ತುಂಬಿ ಬಂದರು. ನಮ್ಮ ಊರಿನ ಹುಡುಗರೂ ಅವರಲ್ಲಿದ್ದರು. ಅದು ಅವರ ಆಗಿನ ಅಗತ್ಯ. ಅವರನ್ನು ದೂರುವ ಇಚ್ಛೆ ನಮಗಿಲ್ಲ.

ಆದರೆ ಈ ವ್ಯಾಪಾರದ ಹುಟ್ಟೂರಿನ ಚರಿತ್ರೆಯನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳುವುದು ಒಳಿತು. 1960ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮೊಳೆತ ಇದು 1972ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪಬ್ಲಿಕ್ ಸ್ಟೋರೇಜ್ ಎಂಬ ಕಂಪನಿ ಆರಂಭವಾದ ಮೇಲೆ ದೇಶವ್ಯಾಪಿಯಾಯಿತು. ಈಗ ಆ ದೇಶದಲ್ಲಿ ಇಂಥ ಐವತ್ತು ಸಾವಿರಕ್ಕೂ ಮಿಕ್ಕಿ ತಾಣಗಳಿವೆ. ಸುಮಾರು ಹತ್ತು ಕುಟುಂಬಗಳಲ್ಲಿ ಒಂದು ಅಲ್ಲಿ ಕೋಣೆ ಹಿಡಿದಿದೆ. ಮನೆ ಚಿಕ್ಕದಾಗಿ ಹೀಗಾಯಿತೆಂದು ಭಾವಿಸಬೇಡಿ. ಅಲ್ಲಿ ಹೊಸದಾಗಿ ಕಟ್ಟಿದ ಮನೆಯ ಸರಾಸರಿ ವಿಸ್ತೀರ್ಣ 1973ರಲ್ಲಿ 1,660 ಚದರಡಿ ಇದ್ದದ್ದು 2015ರ ವೇಳೆಗೆ 2,600 ಚದರಡಿಯನ್ನು ದಾಟಿತ್ತು. ಇದೇ ಅವಧಿಯಲ್ಲಿ ಮನೆಯೊಳಗಿನ ಜನರ ಸರಾಸರಿ ಸಂಖ್ಯೆ ಮೂರರಿಂದ ಎರಡೂವರೆಗೆ ಇಳಿದಿತ್ತು. ಜನ ಕಡಿಮೆಯಾದರು, ಮನೆ ದೊಡ್ಡದಾಯಿತು, ಆದರೂ ಸಾಮಾನು ಹಿಡಿಸದೆ ಊರ ಹೊರಗೆ ಇನ್ನೊಂದು ಮನೆ ಬೇಕಾಯಿತು! ಬಾಡಿಗೆ ಕಟ್ಟಲಾರದವರ ಕೋಣೆಯ ಬೀಗವನ್ನು ಒಡೆದು ಒಳಗಿನದನ್ನೆಲ್ಲ ಹರಾಜು ಹಾಕುವ ಹಕ್ಕು ಅಲ್ಲಿನ ಮಾಲೀಕರಿಗಿದೆ. ಆ ಹರಾಜನ್ನೇ ಮನರಂಜನೆಯಾಗಿಸಿ 2010ರಿಂದ ದೂರದರ್ಶನದಲ್ಲಿ ತೋರಿಸಿದರು. ಒಬ್ಬರ ಮನೆಯ ಫೋಟೋ ಆಲ್ಬಮ್ಮು ಇನ್ನೊಬ್ಬರಿಗೆ ತಮಾಷೆ.

ನಗುವ ಮೊದಲು ನಮ್ಮ ಅಟ್ಟವನ್ನೂ ಒಮ್ಮೆ ಹತ್ತಿ ನೋಡಬೇಕು. ಈ ಲೇಖಕನ ಮನೆಯಲ್ಲಿ ಮೂರು ಮಿಕ್ಸಿಗಳಿವೆ, ತಿರುಗುವುದು ಒಂದೇ. ಹಬ್ಬದ ರಿಯಾಯಿತಿಯ ಕುರ್ಚಿಗಳು, ಮದುವೆಗಳಲ್ಲಿ ಬಂದ ಸ್ಟೀಲಿನ ಡಬ್ಬಿಗಳು ಮಲೆನಾಡಿನ ಅಟ್ಟಗಳನ್ನೂ ತುಂಬಿವೆ. ಕೊಳ್ಳುಬಾಕತನ ಘಟ್ಟ ಹತ್ತುವುದಿಲ್ಲವೆಂಬುದು ಸುಳ್ಳು.

ಈ ವ್ಯಾಪಾರವೇ ನಾಳೆ ನಮ್ಮ ತಾಲ್ಲೂಕು ಕೇಂದ್ರಕ್ಕೂ ಬಂದರೆ ಸಮಸ್ಯೆ ತೀರುವುದೇ ಎಂದು ಕೆಲವು ಯುವಕರು ಕೇಳಿದ್ದಾರೆ. ತೀರುವುದಿಲ್ಲ. ಕೂಲಿಯ ಮೇಲೆ ಬದುಕುವ ಲೈನ್‌ಮನೆಯವರು ನಾಲ್ಕು ತಿಂಗಳ ಬಾಡಿಗೆ ಕಟ್ಟಿ ಪಾತ್ರೆ ಕಾಯಿಸಿಕೊಳ್ಳಲಾರರು ಎಂಬುದು ಮೊದಲನೆಯ ಕಾರಣ. ಎರಡನೆಯದು ಹೊಣೆಗಾರಿಕೆಯದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಒಬ್ಬರ ವಶಕ್ಕೆ ವಸ್ತುವನ್ನು ಕೊಟ್ಟು, ಮರಳಿ ಪಡೆಯುವ ಕರಾರು ಮಾಡಿಕೊಂಡರೆ ಅದು 1872ರ ಭಾರತೀಯ ಕರಾರು ಕಾಯಿದೆಯ 148ನೆಯ ಕಲಮಿನ ಪ್ರಕಾರ ಬೇಲ್‌ಮೆಂಟ್ ಎನಿಸುತ್ತದೆ. ಅಂಥ ವಸ್ತುವನ್ನು ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನದೇ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಕಾಯಬೇಕೆಂದು 151ನೆಯ ಕಲಮು ವಿಧಿಸುತ್ತದೆ. ಸೆಲ್ಫ್ ಸ್ಟೋರೇಜಿನವರು ಜಾಣರು. ಬೀಗ ನಿಮ್ಮದು, ಕೀಲಿ ನಿಮ್ಮದು, ನಾವು ಜಾಗವನ್ನಷ್ಟೇ ಬಾಡಿಗೆಗೆ ಕೊಟ್ಟಿದ್ದೇವೆ, ವಸ್ತು ನಮ್ಮ ವಶದಲ್ಲಿಯೇ ಇಲ್ಲ ಎಂಬ ಬಗೆಯ ಕರಾರನ್ನು ಈ ಉದ್ಯಮ ಎಲ್ಲೆಡೆ ಬಳಸುತ್ತದೆ. ಆಗ ಇಲಿ ಕಡಿದರೆ, ಬೂಷ್ಟು ಹಿಡಿದರೆ, ನೀರು ನುಗ್ಗಿದರೆ ನಷ್ಟ ಇಟ್ಟವನದೇ.

ಬ್ಯಾಂಕಿನ ಲಾಕರಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನ ಬಳಿಕ ರಿಸರ್ವ್ ಬ್ಯಾಂಕು ಹೊಸ ನಿಯಮ ಮಾಡಿ 2022ರ ಜನವರಿಯಿಂದ ಜಾರಿಗೆ ತಂದಿತು. ಬೆಂಕಿ, ಕಳ್ಳತನ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ನಷ್ಟವಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟು ಮೊತ್ತದವರೆಗೆ ಬ್ಯಾಂಕು ಹೊಣೆ. ಪ್ರವಾಹ, ಭೂಕಂಪಗಳಂಥ ನಿಸರ್ಗದ ವಿಕೋಪಕ್ಕೆ ಹೊಣೆಯಲ್ಲ. ನಮ್ಮ ಭಯವೆಲ್ಲ ಆ ಹೊಣೆಯಿಲ್ಲದ ಭಾಗದಲ್ಲಿಯೇ ಇದೆ. ತಾಮ್ರದ ಹಂಡೆಯಂತೂ ಲಾಕರಿನಲ್ಲಿ ಹಿಡಿಸುವುದೂ ಇಲ್ಲ.

ಇನ್ನು ಸರಕಾರದ ಲೆಕ್ಕ. ರಾಜ್ಯ ವಿಪತ್ತು ಪರಿಹಾರ ನಿಧಿಯ 2015–20ರ ಮಾನದಂಡದಲ್ಲಿ ಮನೆ ಕಳೆದುಕೊಂಡ ಕುಟುಂಬಕ್ಕೆ ಬಟ್ಟೆಯ ಬಾಬ್ತು 1,800 ರೂಪಾಯಿ, ಪಾತ್ರೆ ಮತ್ತು ಗೃಹೋಪಯೋಗಿ ವಸ್ತುಗಳ ಬಾಬ್ತು 2,000 ರೂಪಾಯಿ, ಒಟ್ಟು 3,800 ರೂಪಾಯಿ ನಿಗದಿಯಾಗಿತ್ತು. 2019ರಲ್ಲಿ ಕರ್ನಾಟಕ ಸರಕಾರವು ತನ್ನ 6,200 ರೂಪಾಯಿ ಸೇರಿಸಿ ಇದನ್ನು ಹತ್ತು ಸಾವಿರ ಮಾಡಿತು, ಅದಕ್ಕೆ ಕೃತಜ್ಞರಾಗಿರೋಣ. 2022–26ರ ಮಾನದಂಡದಲ್ಲಿ ಬಟ್ಟೆಗೆ 2,500, ಪಾತ್ರೆಗೆ 2,500. ಒಂದು ಸಂಸಾರದ ಇಡೀ ಅಡುಗೆಮನೆ ಎರಡೂವರೆ ಸಾವಿರ ರೂಪಾಯಿ. ಅದೂ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ನಾಶವಾಗಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ಮುಳುಗಿರಬೇಕು. ಬಯಲುಸೀಮೆಯ ನದೀತೀರವನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮವಿದು. ಗುಡ್ಡದ ನೀರು ಎರಡು ದಿನ ನಿಲ್ಲುವುದಿಲ್ಲ. ಗುಡ್ಡ ಜಾರಲು ಎರಡು ನಿಮಿಷ ಸಾಕು. ಮುನ್ನೆಚ್ಚರಿಕೆಯಿಂದ ಮನೆ ಬಿಟ್ಟು ಹೋದವನ ಸಾಮಾನು ಕಳುವಾದರೆ ಈ ಮಾನದಂಡದಲ್ಲಿ ಅದಕ್ಕೆ ಹೆಸರೇ ಇಲ್ಲ. ಅಂದರೆ ಆಜ್ಞೆಯನ್ನು ಪಾಲಿಸಿದವನಿಗೆ ಶಿಕ್ಷೆ.

2005ರ ವಿಪತ್ತು ನಿರ್ವಹಣಾ ಕಾಯಿದೆಯ 12ನೆಯ ಕಲಮನ್ನು ತೆರೆದು ನೋಡಿ. ಪರಿಹಾರ ಶಿಬಿರಗಳಲ್ಲಿ ವಸತಿ, ಆಹಾರ, ಕುಡಿಯುವ ನೀರು, ವೈದ್ಯಕೀಯ ಸೇವೆ, ನೈರ್ಮಲ್ಯ ಇವುಗಳಿಗೆ ಕನಿಷ್ಠ ಮಟ್ಟವೊಂದನ್ನು ಗೊತ್ತುಪಡಿಸಬೇಕೆಂದು ಅದು ಹೇಳುತ್ತದೆ. ಜೀವಹಾನಿ, ಮನೆಹಾನಿ, ಜೀವನೋಪಾಯದ ಪುನಃಸ್ಥಾಪನೆಗೆ ನೆರವಿನ ಮಾತೂ ಇದೆ. ಮನೆ ಬಿಟ್ಟವನ ಸೊತ್ತಿನ ರಕ್ಷಣೆಯ ಮಾತು ಆ ಪಟ್ಟಿಯಲ್ಲಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲ ಮಕ್ಕಂದೂರು, ಕಾಲೂರು, ಜೋಡುಪಾಲಗಳಲ್ಲಿ ಗುಡ್ಡಗಳು ಕಳಚಿ ಬಿದ್ದಾಗ ಸಾವಿರಾರು ಜನ ಶಿಬಿರ ಸೇರಿದರು; ಜಂಬೂರು, ಮಾದೆನಾಡು, ಕರ್ಣಂಗೇರಿಗಳಲ್ಲಿ ಮುಂದೆ ಹೊಸ ಮನೆಗಳೆದ್ದವು. ಆ ಮನೆಗಳಿಗೆ ಹೋದವರ ಬಳಿ ಹಳೆಯ ಮನೆಯ ಏನೇನು ಉಳಿದಿತ್ತು ಎಂಬ ಲೆಕ್ಕವನ್ನು ಪರಿಹಾರದ ಮಾನದಂಡ ಕೇಳುವುದಿಲ್ಲ.

ಸಾಮಾನೆಂದರೆ ಬರಿಯ ಪಾತ್ರೆಯೂ ಅಲ್ಲವಲ್ಲ. ಮಲೆನಾಡಿನವನ ಟ್ರಂಕಿನ ತಳದಲ್ಲಿ ಅವನ ನೆಲವಿದೆ. ಅರಣ್ಯ ಹಕ್ಕು ಕಾಯಿದೆ 2006ರ ಪ್ರಕಾರ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷಗಳ ವಾಸವನ್ನು ತೋರಿಸಬೇಕು. 1930ರ ಕಾಲಕ್ಕೆ ಹೋಗುವ ಸಾಕ್ಷ್ಯವದು. ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ನಿಯಮಗಳು ಒಪ್ಪುತ್ತವೆ, ನಿಜ. ಆದರೆ ಕಚೇರಿಯ ಮೇಜಿನ ಮೇಲೆ ಹಳೆಯ ರಸೀದಿಯೊಂದು ಇದ್ದರೆ ಆಗುವ ಕೆಲಸ ಹಿರಿಯರ ಮಾತಿನಿಂದ ಆಗುವುದಿಲ್ಲವೆಂಬುದು ಅರ್ಜಿ ಹಾಕಿದ ಎಲ್ಲರಿಗೂ ಗೊತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿಯ ಕಣಿವೆಯಿಂದ ಎದ್ದುಹೋದವರ ಮಕ್ಕಳು ಮೊಮ್ಮಕ್ಕಳು ದಶಕಗಳ ಬಳಿಕವೂ ಹಕ್ಕುಪತ್ರಕ್ಕಾಗಿ ಅಲೆದದ್ದನ್ನು ಕಂಡಿದ್ದೇವೆ. ಕಾಗದವಿಲ್ಲದವನನ್ನು ಒತ್ತುವರಿದಾರನೆಂದು ಕರೆಯುವುದು ಸುಲಭ. ನಮ್ಮ ಮನೆಯಲ್ಲಿ ಅಂಬಲಿಯಾದ ರಸೀದಿಗಳ ಬೆಲೆಯನ್ನು ಹಂಡೆಯ ಪಕ್ಕದಲ್ಲಿ ಬರೆಯಲು ಯಾವ ಪಟ್ಟಿಯಲ್ಲಿಯೂ ಅಂಕಣವಿರಲಿಲ್ಲ.

ನಮ್ಮ ಬಳಗದಲ್ಲಿಯೇ ಕೆಲವರು ಇದಕ್ಕೆಲ್ಲ ಹಿಂದಿನವರ ಪದ್ಧತಿಯೇ ಪರಿಹಾರವೆನ್ನುತ್ತಾರೆ. ಅಟ್ಟ, ಪಣತ, ಕಣಜ, ಉಗ್ರಾಣಗಳ ವೈಭವವನ್ನು ವರ್ಣಿಸುತ್ತಾರೆ. ಆ ಜ್ಞಾನ ದೊಡ್ಡದು, ಸಂಶಯವಿಲ್ಲ. ಒಲೆಯ ಹೊಗೆ ಸದಾ ಆಡುವ ಅಟ್ಟದಲ್ಲಿ ಹುಳ ಬೀಳುತ್ತಿರಲಿಲ್ಲ. ಧಾನ್ಯದ ನಡುವೆ ಲಕ್ಕಿಸೊಪ್ಪು, ಬಟ್ಟೆಯ ನಡುವೆ ಬಜೆಯ ಬೇರು ಇಡುತ್ತಿದ್ದರು. ಆದರೆ ಅದು ತೇವದಿಂದ, ಹುಳದಿಂದ, ಇಲಿಯಿಂದ ಕಾಯುವ ವಿದ್ಯೆ. ಮನೆಯ ಬೆನ್ನಿಗಿರುವ ಗುಡ್ಡವೇ ಬರುವಾಗ ಅಟ್ಟವೂ ಮನೆಯ ಜೊತೆಗೇ ಹೋಗುತ್ತದೆ. ಹಿಂದಿನವರ ಕಾಲದಲ್ಲಿ ಧರೆಯನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು ಹೋಮ್‌ಸ್ಟೇ ಕಟ್ಟುತ್ತಿರಲಿಲ್ಲ. ಇಳಿಜಾರುಗಳನ್ನು ಹೀಗೆ ಕಡಿದದ್ದು 2018ರ ಕುಸಿತಗಳಿಗೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಹೇಳಿತು. ಕಡಿದವರು ಒಬ್ಬರು, ಸಾಮಾನು ಕಟ್ಟಿಕೊಂಡು ಓಡಬೇಕಾದವರು ಇನ್ನೊಬ್ಬರು. ಹೊಸ ಅಪಾಯಕ್ಕೆ ಹಳೆಯ ಅಟ್ಟವನ್ನು ತೋರಿಸುವುದು ನಮ್ಮ ಜನರಿಗೆ ನಾವೇ ಮಾಡುವ ಮೋಸ.

ನಾವು ಕೇಳುವುದು ಇಷ್ಟು. ಭೂಕುಸಿತದ ಅಪಾಯವಿದೆಯೆಂದು ಕಾಗದ ಹೋಗುವ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಸಾಮಾನು ಇಡಲು ಬಾಡಿಗೆಯಿಲ್ಲದ, ಹೊಣೆಯುಳ್ಳ ಒಂದು ಕೋಣೆ ಬೇಕು.

ಇದು ಆಕಾಶದಿಂದ ಇಳಿಯಬೇಕಾದ ಕಲ್ಪನೆಯಲ್ಲ. ಅಡಿಕೆಗೆ ನಮ್ಮಲ್ಲಿ ಗೋದಾಮಿದೆ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ, ಶಿವಮೊಗ್ಗದ ಮ್ಯಾಮ್‌ಕೋಸ್ 1939ರಲ್ಲಿ, ಕ್ಯಾಂಪ್ಕೋ 1973ರಲ್ಲಿ ಹುಟ್ಟಿದವು. ಮೂಟೆ ಇಳಿಸಿದರೆ ತೂಕದ ಚೀಟಿ ಕೈಗೆ ಬರುತ್ತದೆ. ಆ ಚೀಟಿಯನ್ನು ನಂಬಿ ರೈತ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಕಾಫಿಗೆ ಕ್ಯೂರಿಂಗ್ ವರ್ಕ್ಸ್ ಇದೆ, ಗೊಬ್ಬರಕ್ಕೆ ಪ್ರಾಥಮಿಕ ಸಹಕಾರ ಸಂಘದ ಉಗ್ರಾಣವಿದೆ. 1957ರಿಂದ ರಾಜ್ಯ ಉಗ್ರಾಣ ನಿಗಮವಿದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟವು ಸಹಕಾರ ಸಂಘಗಳ ಮೂಲಕ ಏಳುನೂರು ಲಕ್ಷ ಟನ್ನು ಧಾನ್ಯ ಹಿಡಿಸುವಷ್ಟು ಹೊಸ ಗೋದಾಮು ಕಟ್ಟುವ ಯೋಜನೆಗೆ ಒಪ್ಪಿಗೆಯಿತ್ತಿತು. ಬೆಳೆದದ್ದನ್ನು ಕಾಯಲು ಇಷ್ಟೆಲ್ಲ ಇರುವಾಗ ಬೆಳೆದವನ ಮನೆಯನ್ನು ಕಾಯಲು ಅದರಲ್ಲೊಂದು ಗೋಡೆ ಅಡ್ಡ ಹಾಕಲಾಗದೇ?

ಕೋಣೆ ಎಲ್ಲಿರಬೇಕೆಂಬುದರಲ್ಲಿ ಮಾತ್ರ ರಾಜಿ ಕೂಡದು. ಹಳ್ಳದ ಬಾಯಿ ತುಂಬಿಸಿ ಸಮ ಮಾಡಿದ ಜಾಗದಲ್ಲಿ, ಅಗ್ಗವಾಗಿ ಸಿಕ್ಕಿತೆಂದು ಕಟ್ಟಬಾರದು. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದ ಕಡೆ ಏನಾಗುತ್ತದೆಂಬುದನ್ನು 2024ರ ಜುಲೈ 16ರಂದು ಅಂಕೋಲೆಯ ಶಿರೂರು ತೋರಿಸಿತು. ಹದಿನಾಲ್ಕು ದಿನ ಕಳೆದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಹರಿವಿನ ದಾರಿಯಲ್ಲಿದ್ದ ಊರುಗಳ ಗತಿಯನ್ನು ಕಂಡೆವು. ಊರಿನ ಹಿರಿಯರು, ದನ ಕಾಯುವವರು, ನೀರಿನ ದಾರಿ ಬಲ್ಲವರು ಇವರನ್ನು ಕೇಳದೆ ಎಂಜಿನಿಯರರ ನಕ್ಷೆಯೊಂದನ್ನೇ ನಂಬಿ ಜಾಗ ಆರಿಸಿದರೆ ನಾವು ವಿರೋಧಿಸಬೇಕು. ನೆಲದಿಂದ ಎರಡಡಿ ಎತ್ತರದ ಹಲಗೆ, ಗೋಡೆಗೂ ಸಾಮಾನಿಗೂ ನಡುವೆ ಒಂದು ಗೇಣು, ಗಾಳಿಯಾಡಲು ಜಾಲರಿಯ ಕಿಟಕಿ. ಸಿಲಿಂಡರು, ಡೀಸೆಲ್ಲು, ಕೀಟನಾಶಕ ಒಳಗೆ ಬರಕೂಡದು.

ಹೊಣೆ ಯಾರದು ಎಂದು ಕೇಳುವರು. ಸಾಮಾನು ಒಳಗೆ ಹೋಗುವಾಗ ಎರಡು ಪ್ರತಿಯಲ್ಲಿ ಪಟ್ಟಿಯಾಗಲಿ, ಮೊಬೈಲಿನಲ್ಲಿ ಚಿತ್ರ ತೆಗೆಯಲಿ, ಪಂಚಾಯಿತಿಯ ನೌಕರನೊಬ್ಬನೂ ಮನೆಯವರೂ ಸಹಿ ಹಾಕಲಿ. ಕೀಲಿ ಪಂಚಾಯಿತಿಯ ವಶದಲ್ಲಿದ್ದರೆ 151ನೆಯ ಕಲಮಿನ ಎಚ್ಚರಿಕೆಯೂ ಪಂಚಾಯಿತಿಯದೇ ಆಗುತ್ತದೆ. ಹಂಡೆಗೆ ಬಿಲ್ಲಿಲ್ಲದಿದ್ದರೂ ಪಟ್ಟಿಯಿರುತ್ತದೆ. ಹೊರಲಾಗದ ಮಂಚ ಬೀರುಗಳು ಮನೆಯಲ್ಲಿಯೇ ಉಳಿಯುತ್ತವೆ. ಅವುಗಳಿಗಾಗಿ, ಮನೆ ಖಾಲಿ ಮಾಡಿಸಿದ ದಿನವೇ ಮಹಜರು ನಡೆಸಿ, ಬೀಗದ ಮೇಲೆ ಮೊಹರು ಹಾಕಿ, ರಾತ್ರಿ ಗಸ್ತು ಇಡುವುದು ಆಜ್ಞೆ ಹೊರಡಿಸಿದವರ ಕೆಲಸ. ಇಷ್ಟಾದರೆ ಟಾರ್ಚು ಹಿಡಿದು ಉಳಿಯುವವರ ಸಂಖ್ಯೆ ಎಷ್ಟು ಇಳಿಯುತ್ತದೆಂದು ಒಂದು ಮಳೆಗಾಲದಲ್ಲಿ ನೋಡಬಹುದು.

ಕಾಗದಪತ್ರಗಳಿಗೆ ಪಂಚಾಯಿತಿಯನ್ನು ಕಾಯಬೇಡಿ. ಚೈತ್ರ ವೈಶಾಖದ ಬಿಸಿಲಿನಲ್ಲಿ, ನೇರ ಬಿಸಿಲಿಗೆ ಒಡ್ಡದೆ ನೆರಳಿನ ಒಣಗಾಳಿಯಲ್ಲಿ ಹರಡಿ ತೇವ ಆರಿಸಿ. ಒದ್ದೆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೇ ಬೂಷ್ಟು ಬೆಳೆಯುತ್ತದೆ. ಮೊದಲು ಒಣಗಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಆ ಮೇಲೆ ನೀರು ಹೋಗದ ಡಬ್ಬಿಯಲ್ಲಿಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಹಳೆಯ ಕಾಗದ ಅದರಿಂದ ಬಿಡಿಸಲಾಗದಂತೆ ಹಾಳಾಗುತ್ತದೆ. ದೃಢೀಕರಿಸಿದ ನಕಲುಗಳ ಒಂದು ಕಂತೆ ಬೇರೆ ಊರಿನ ನೆಂಟರಲ್ಲಿರಲಿ. 2015ರಲ್ಲಿ ಬಂದ ಡಿಜಿಲಾಕರಿನಲ್ಲಿ ಸರಕಾರವೇ ಹಾಕಿದ ದಾಖಲೆಗಳಿಗೆ ಮೂಲಪ್ರತಿಯ ಬೆಲೆಯಿದೆ. ನಾವೇ ಚಿತ್ರ ತೆಗೆದು ಏರಿಸಿದ ಅಜ್ಜನ ರಸೀದಿಗೆ ಆ ಬೆಲೆಯಿಲ್ಲ. ಆದರೂ ಏರಿಸಿಡಿ, ಅಂಬಲಿಯಾಗುವುದಕ್ಕಿಂತ ಅದು ವಾಸಿ. ಕಾಲೇಜಿನ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಮನೆಮನೆಗೆ ಹೋಗಿ ಈ ಕೆಲಸದಲ್ಲಿ ನೆರವಾಗಬೇಕೆಂದು ಕೇಳಿಕೊಳ್ಳುತ್ತೇವೆ; ಒಂದು ಮನೆಗೆ ಅರ್ಧ ದಿನ ಸಾಕು.

ಕೋಣೆಯ ಬೇಡಿಕೆಯ ಅರ್ಜಿಯನ್ನು ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆಯಿಂದ ಏಳಬೇಡಿ. ಅನುದಾನವಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಬರೆಸಿಕೊಳ್ಳಿ, ಸಹಿ ಹಾಕಿಸಿಕೊಳ್ಳಿ. ಜೂನ್‌ನಲ್ಲಿ ಮನೆ ಬಿಡಿ ಎಂಬ ಕಾಗದ ಬಂದಾಗ ಅದರ ಸ್ವೀಕೃತಿಯ ಜೊತೆಗೆ ಈ ಉತ್ತರದ ನಕಲನ್ನು ಲಗತ್ತಿಸಿ ಹಿಂದಕ್ಕೆ ಕಳಿಸೋಣ.